ಎಪ್ಪತ್ತು ಗಜಕ್ಕೆ ಕಟ್ಟಿದ ಗುರಿ

೯ ಸೆಪ್ಟೆಂಬರ್ ೧೯೪೬, ಸೋಮವಾರ. ಮದ್ದೂರು

ಬೆಳಿಗ್ಗೆ ಎರಡು ಸೈಕಲ್ಲು, ಒಂದು ಪಂಪಿನ ವಾಲ್ವು. ಮಧ್ಯಾಹ್ನ ಏನೂ ಇಲ್ಲ. ಅಂಗಡಿಯ ಪಾಲುದಾರ ಬಾಬು ಜಾನನ ಲೇಥಿನ ಬೆಲ್ಟು ಮತ್ತೆ ಹರಿದಿದೆ. ತೇಪೆ ಹಾಕಿ ಹಾಕಿ ಈಗ ತೇಪೆಯೇ ಬೆಲ್ಟು.

ನಾಲ್ಕು ಗಂಟೆಗೆ ಕರಿಸಿದ್ದಯ್ಯ ಬಂದ. ಹೆಂಡತಿ ನಂಜಿಯ ತಮ್ಮ, ಒಬ್ಬನೇ ತಮ್ಮ. ಜೊತೆಗೆ ಅವರೂರ ಪಟೇಲ ಪುಟ್ಟಮಾದಯ್ಯನವರು. ಮಳವಳ್ಳಿಯಿಂದ ಇದ್ದಿಲ ಬಸ್ಸಿನಲ್ಲಿ ಬಂದು ಇಬ್ಬರ ಮುಖವೂ ಮಸಿ. ಪಟೇಲರ ಕಂಕುಳಲ್ಲಿ ಕಂಬಳಿ ಸುತ್ತಿದ ರೈಫಲು. ಮೌಸರ್. ಬೆಂಗಳೂರು ದಂಡಿನಲ್ಲಿ ಒಬ್ಬ ದೊರೆ ಊರಿಗೆ ಹೊರಟನಂತೆ, ಅವನಿಂದ ಕೊಂಡದ್ದು. ಚರ್ಮದ ಕೊಳವೆಯಲ್ಲಿ ದುರ್ಬೀನು ಬೇರೆ. ಕೂರಿಸುವ ಮೌಂಟು ಮಾತ್ರ ಇಲ್ಲ. ಎಲ್ಲಿ ಹೋಯಿತೋ.

‘ನೀನು ಮಿಲ್ಟ್ರೀಲಿ ಬಂದೂಕ ರಿಪೇರಿ ಮಾಡ್ತಿದ್ದೋನಂತಲ್ಲಪ್ಪ ಒನ್ನಯ್ಯ. ಇದ್ನ ಕೂರುಸ್ಕೊಡು. ಬೈಗಾದ್ರೆ ನಂಗೆ ಆಡೂ ಒಂದೇ, ನಾಯೀನೂ ಒಂದೇ’ ಎಂದರು.

ಚಿರತೆಗೆ. ಯುಗಾದಿಯಿಂದ ಹನ್ನೊಂದು ಆಡು ಹೋಗಿವೆ. ಹತ್ತು ದಿನದ ಕೆಳಗೆ ಅಂಕಮ್ಮ ಎಂಬವಳ ಮೊಮ್ಮಗಳು. ನಾಲ್ಕು ವರ್ಷ. ಹಿತ್ತಲಿಂದ. ಕೇಳಿದೆ. ರೈಫಲಿನ ಬೋಲ್ಟು ತೆಗೆದು ನಳಿಗೆ ನೋಡಿದೆ. ಕನ್ನಡಿ ಹಾಗಿದೆ. ದೊರೆ ಚೆನ್ನಾಗಿ ಇಟ್ಟುಕೊಂಡಿದ್ದ.

ಅವರು ಹೋದ ಮೇಲೆ ನಂಜಿ ಮುದ್ದೆ ಇಡುತ್ತಾ ಹೇಳಿದಳು. ‘ಗುಂಡು ಬಿದ್ದ ಪ್ರಾಣಿ ತಾವ್ಕೆ ಮೊದ್ಲು ಓಗೋನು ನನ್ ತಮ್ಮ. ಗುಂಡು ಅತ್ಲಾಗೆ ಇತ್ಲಾಗೆ ಆದ್ರೆ ಅದ್ರ ಬಾಯ್ಗೆ ಸಿಕ್ಕೋನೂ ಅವ್ನೇ.’

ನಿಜ. ಅದು ಅವರ ಮನೆಯ ಹಕ್ಕು. ಅವರಪ್ಪನೂ ಹಾಗೇ ಮುಂದೆ ನಡೆದವನು. ಬೇಟೆಯ ತಲೆ ಅವರ ಪಾಲು. ಬೇಡವೆಂದರೆ ಊರಲ್ಲಿ ಮರ್ಯಾದೆ ಹೋಗುತ್ತದೆ.

ಅವಳು ನನ್ನ ಮುಖ ನೋಡುತ್ತಿದ್ದಳು. ನಾನು ಸ್ಕ್ರೂ ಎಷ್ಟು ದಪ್ಪ ಬೇಕು ಎಂದು ಯೋಚಿಸುತ್ತಿದ್ದೆ.

೧೨ ಗುರುವಾರ

ಕೆಟ್ಟ ಲಾರಿಯ ಆಕ್ಸಲ್ ತುಂಡೊಂದರಲ್ಲಿ ಮೌಂಟು. ಬಾಬು ಜಾನನ ಲೇಥಿನಲ್ಲಿ ದುರ್ಬೀನು ಹಿಡಿಯಲು ಎರಡು ಬಳೆ ಕಡೆದೆವು. ರೈಫಲಿನ ನೆತ್ತಿಗೆ ನಾಲ್ಕು ತೂತು ಕೊರೆಯಬೇಕು. ಎರಡು ಡ್ರಿಲ್ಲು ಮುರಿದವು.

‘ಸಾಹೇಬ್ರ ಬಂದೂಕು ಭಾಯ್. ಬಿಟ್ಟೋಗು ಅಂದ್ರೂ ಬಗ್ಗಲ್ಲ’ ಎಂದ ಬಾಬು ಜಾನ್. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ತಮಾಷೆ ಚೆನ್ನಾಗಿದೆ ಎಂದು ಗೊತ್ತಾಯಿತು. ನಗು ಬರಲಿಲ್ಲ.

ಬರ್ಮಾದಿಂದ ಬಂದು ಎಂಟು ತಿಂಗಳು. ಹೀಗೇ ಇದೆ. ಅಲ್ಲಿದ್ದಾಗ ಅವ್ವ ಸತ್ತ ಕಾಗದ ಎರಡು ತಿಂಗಳು ತಡವಾಗಿ ಬಂತು. ಓದಿ, ಮಡಿಸಿ ಜೇಬಿಗಿಟ್ಟು, ಆ ದಿನ ಮೂವತ್ತಾರು ಬೋಲ್ಟು ತೊಳೆದೆ. ಒಂದೂ ಬಿಡದೆ.

೧೬ ಸೋಮವಾರ

ಮೌಂಟು ಮುಗಿಯಿತು. ಬಳೆಯ ಒಳಮೈಯನ್ನು ಎಣ್ಣೆ, ಕುರುಂದದ ಪುಡಿ ಹಾಕಿ ಎರಡು ದಿನ ಉಜ್ಜಿದೆ. ದುರ್ಬೀನು ಈಗ ಬಿಗಿಯದೆಯೇ ಕೂರುತ್ತದೆ.

ಈ ದುರ್ಬೀನಿನಲ್ಲಿ ಗುರಿ ಮೇಲೆ ಕೆಳಗೆ ಮಾಡಲು ನೆತ್ತಿಯ ಮೇಲೊಂದು ತಿರುಗಣೆ ಇದೆ. ಎಡಕ್ಕೆ ಬಲಕ್ಕೆ ಇಲ್ಲ. ಅದನ್ನು ಮೌಂಟಿನಲ್ಲೇ ಮಾಡಿದೆ. ಹಿಂದಿನ ಬಳೆಯ ಬುಡದಲ್ಲಿ ಆ ಬದಿಗೊಂದು ಈ ಬದಿಗೊಂದು ಸ್ಕ್ರೂ. ಒಂದನ್ನು ಸಡಿಲಿಸಿ ಇನ್ನೊಂದನ್ನು ಬಿಗಿದರೆ ದುರ್ಬೀನಿನ ಬಾಲ ಸರಿಯುತ್ತದೆ. ಬಾಲ ಇಲ್ಲಿ ಒಂದು ಕಾಗದದ ದಪ್ಪ ಸರಿದರೆ ಎಪ್ಪತ್ತು ಗಜದಲ್ಲಿ ಗುಂಡು ನಾಲ್ಕು ಬೆರಳು ಆಚೆ ಬೀಳುತ್ತದೆ.

ಬಾಬು ಜಾನ್ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ‘ಇದು ನೀನೇ ಮಾಡಿದ್ದು ಅಂತ ಯಾರಿಗೂ ಹೇಳ್ಬೇಡ, ನಂಬಲ್ಲ’ ಎಂದ. ಹೊಗಳಿದ್ದು ಇರಬೇಕು.

೧೯ ಗುರುವಾರ. ಕರಿಸಿದ್ದಯ್ಯನ ಊರು

ಮಳವಳ್ಳಿವರೆಗೆ ಬಸ್ಸು, ಅಲ್ಲಿಂದ ಹಲಗೂರು ಕಡೆಗೆ ಪಟೇಲರ ಗಾಡಿ. ಹೊಡೆಯುವವನು ಸಿದ್ದರಾಮು, ಪಟೇಲರ ಮನೆ ಆಳು. ದಾರಿಯುದ್ದಕ್ಕೂ ಚಿರತೆಯದೇ ಮಾತು.

ಕೆರೆ ಏರಿಗೆ ಸುಣ್ಣ ಬಳಿದ ಹಲಗೆ ನಿಲ್ಲಿಸಿ, ನಡುವೆ ಅಂಗೈಯಗಲ ಮಸಿ ಮೆತ್ತಿದೆ. ಎಪ್ಪತ್ತು ಗಜ ಅಳೆದೆ. ಪಟೇಲರು ಕೂರುವ ಬಂಡೆಗೂ ಆಡು ಕಟ್ಟುವ ಜಾಗಕ್ಕೂ ಇರುವುದು ಅಷ್ಟೇ. ಮರಳು ಚೀಲದ ಮೇಲೆ ರೈಫಲು ಇಟ್ಟು, ಬೋಲ್ಟು ತೆಗೆದು ನಳಿಗೆಯೊಳಗಿಂದಲೇ ನೋಡಿದೆ. ನಳಿಗೆಯ ಆ ತುದಿಯ ಬೆಳಕಿನ ಬಿಲ್ಲೆ ನಡುವೆ ಮಸಿ ಬರುವ ಹಾಗೆ ಚೀಲ ಸರಿಸಿದೆ. ಅಲ್ಲಾಡಿಸದೆ ದುರ್ಬೀನಿನಲ್ಲಿ ಕಣ್ಣಿಟ್ಟೆ. ಅದರೊಳಗಿನ ಗುರಿಯ ಮೊನೆ ಹಲಗೆ ಬಿಟ್ಟು ಏರಿಯ ಹುಲ್ಲು ತೋರಿಸುತ್ತಿತ್ತು. ಸ್ಕ್ರೂ ತಿರುಗಿಸಿ ಮೊನೆಯನ್ನೂ ಮಸಿಗೆ ತಂದೆ. ಅರ್ಧ ಗಂಟೆ. ಗುಂಡು ಖರ್ಚಿಲ್ಲ.

ಆಮೇಲೆ ಗುಂಡು. ದೊರೆ ಕೊಟ್ಟದ್ದು ಹದಿನೆಂಟು, ಇನ್ನು ಸಿಕ್ಕುವುದಿಲ್ಲ. ಮೊದಲನೆಯದು ಬಲಕ್ಕೆ ನಾಲ್ಕು ಬೆರಳು, ಮೇಲೆ ಎರಡು. ಕರಿಸಿದ್ದಯ್ಯ ಪ್ರತಿ ಸಲ ಹಲಗೆವರೆಗೆ ಓಡಿ ತೂತಿಗೆ ಬೆರಳಿಟ್ಟು ನಿಲ್ಲುತ್ತಿದ್ದ. ‘ಭಾವ, ಇಲ್ಲಿ.’ ಮತ್ತೆ ಓಡಿ ಬರುತ್ತಿದ್ದ. ಮೂವತ್ತು ವರ್ಷದ ಗಂಡಸು, ಕಳ್ಳೆಕಾಯಿ ಕದ್ದವನ ಹಾಗೆ ನಗುತ್ತಾ.

ಒಂಬತ್ತು ಗುಂಡು ಹಾರಿಸಿದೆ. ಕೊನೆಯ ಮೂರನ್ನು ಒಂದು ವೀಳ್ಯದೆಲೆಯಲ್ಲಿ ಮುಚ್ಚಬಹುದು. ಪಟೇಲರು ಒಂದು ಹಾರಿಸಿದರು. ಅದೂ ಮಸಿಯೊಳಗೇ. ಅವರ ಕೈ ಗಟ್ಟಿ. ಹಾಳಾಗಿರುವುದು ಕಣ್ಣು, ಅದಕ್ಕೆ ದುರ್ಬೀನು ಬಂತು.

‘ಚಿರ್ತೆ ಮೀಸೆ ಕೂದ್ಲು ಎಣುಸ್ಬೋದು ಕಣ್ಲಾ’ ಎಂದರು ಕರಿಸಿದ್ದಯ್ಯನಿಗೆ.

ಹಿಂದಿನ ಎರಡು ಸ್ಕ್ರೂಗೆ ಕೆಂಪು ಅರಗು ಕಾಯಿಸಿ ಬಿಟ್ಟೆ. ಅಲುಗಬಾರದೆಂದು. ಯಾಕೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಪಲ್ಟನ್ನಿನಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ, ಸೀಲು ಕಂಡರೆ ಕೈ ಹಿಂದಕ್ಕೆ.

ಕೆಲಸ ಚೆನ್ನಾಗಿ ಆಯಿತು. ಇದು ಮಾತ್ರ ನನಗೆ ಗೊತ್ತಾಗುತ್ತದೆ ಈಗಲೂ.

೨೦ ಶುಕ್ರವಾರ. ಮದ್ದೂರು

ನಂಜಿ ಕೇಳಿದಳು, ಸರಿಯಾಗಿದೆಯಾ ಎಂದು. ಸರಿಯಾಗಿದೆ ಎಂದೆ. ‘ಆಣೆ?’ ಎಂದಳು. ಕೈ ಮೇಲೆ ಕೈ ಇಟ್ಟೆ. ಆ ಹೊತ್ತಿಗೆ ಅದು ನಿಜವಾಗಿತ್ತು.

೪ ಅಕ್ಟೋಬರ್, ಶುಕ್ರವಾರ. ಆಯುಧಪೂಜೆ

ಪಟೇಲರು ಊಟಕ್ಕೆ ಹೇಳಿ ಕಳಿಸಿದ್ದರು. ಬೆಳಿಗ್ಗೆ ಅಂಗಡಿಯಲ್ಲಿ ಲೇಥಿಗೆ, ಇಕ್ಕಳ ಅರಗಳಿಗೆ ಕುಂಕುಮ ಇಟ್ಟು ಹೊರಟೆ. ಬಾಬು ಜಾನ್ ಹೂವು ತಂದುಕೊಟ್ಟ, ಪ್ರತಿ ವರ್ಷ ಅವನೇ ತರುವುದಂತೆ.

ಪಟೇಲರ ಪಡಸಾಲೆಯಲ್ಲಿ ಕಂಬಳಿ ಹಾಸಿ ನೇಗಿಲ ಗುಳ, ಕುಡುಗೋಲು, ಹಳೆಯ ಕೋವಿ ಎಲ್ಲ ಇಟ್ಟಿದ್ದರು. ನಡುವೆ ಮೌಸರ್. ಚೆಂಡುಹೂವಿನ ಹಾರ. ಥಳಥಳ ಹೊಳೆಯುತ್ತಿತ್ತು. ಹೊಳೆಯುವುದು ನೋಡಿಯೇ ಹತ್ತಿರ ಹೋದೆ.

ಅರಗು ಇಲ್ಲ. ಅರಗಿದ್ದ ಜಾಗದಲ್ಲಿ ಎರಡು ಕಡೆಯೂ ದುಂಡಗೆ ಕುಂಕುಮ.

ಪಟೇಲರ ಹೆಂಡತಿ ಪಟ್ಟಲಮ್ಮನವರು ಸಂಭ್ರಮದಲ್ಲಿದ್ದರು. ‘ಅದೇನೋ ಕೆಂಪುಗೆ ಕೊಳೆ ಕಚ್ಕಂಡಿತ್ತು ಕಣಪ್ಪ, ಸಾಬೂನಾಕಿ ಉಜ್ಜುದ್ರೂ ಬುಡ್ನಿಲ್ಲ. ಚಾಕ್ನಲ್ಲಿ ಕೆರುದ್ಬುಟ್ಟೆ. ಆಯುದ ಅಂದ್ಮೇಲೆ ಸಂದೀಲೂ ಕೊಳೆ ಇರ್ಬಾರ್ದು’ ಎಂದರು.

‘ನಾನೇ ಬಿಚ್ಚಿ ಕೊಟ್ಟೆ, ನಾನೇ ಕೂರುಸ್ದೆ’ ಎಂದರು ಪಟೇಲರು. ‘ಎಲ್ಡೂ ಸ್ಕ್ರೂ ಬಿಗಿಯಾಗಿ ತಿರುವಿವ್ನಿ. ನೋಡು, ಅಲ್ಲಾಡಾಕಿಲ್ಲ.’

ಅಲ್ಲಾಡುವುದಿಲ್ಲ. ಅಲ್ಲಾಡದೆ ಎತ್ತ ಕಡೆ ನೋಡುತ್ತಿದೆ ಎಂಬುದು ಬೇರೆ.

ಹೇಳಿದೆ. ‘ಬಿಚ್ಚಬಾರದಿತ್ತು ಗೌಡ್ರೆ. ಗುರಿ ಮತ್ತೆ ನೋಡಬೇಕು.’

‘ಪೂಜೆ ಆಗದೆ. ಇವತ್ತು ಮುಟ್ಟಂಗಿಲ್ಲ. ನಾಳೀಕೆ ಬನ್ನಿ ಕೊಟ್ಮೇಲೆ ನೋಡನ ಬುಡು. ಈಗ ಊಟಕ್ಕೇಳು.’

ಊಟಕ್ಕೆ ಎದ್ದೆ. ಒಬ್ಬಟ್ಟು. ಕರಿಸಿದ್ದಯ್ಯ ಪಕ್ಕದಲ್ಲಿ ಕೂತಿದ್ದ, ಅವನ ಹೆಂಡತಿ ಮುದ್ದಮ್ಮ ಬಡಿಸುತ್ತಿದ್ದಳು. ಅವನಿಗೆ ಹೇಳಬಹುದಿತ್ತು. ಉಳಿದುಕೊಳ್ಳಿ ಭಾವ ಎಂದ. ನಾಲ್ಕಕ್ಕೆ ಮಳವಳ್ಳಿಯಿಂದ ಬಸ್ಸು. ಬಸ್ಸು ತಪ್ಪುತ್ತದೆ ಎಂದುಕೊಂಡೆ. ಬಂದುಬಿಟ್ಟೆ.

೫ ಶನಿವಾರ. ವಿಜಯದಶಮಿ

ಹೋಗಬೇಕಿತ್ತು. ಬೋಲ್ಟು ತೆಗೆದು ನಳಿಗೆಯಲ್ಲಿ ಒಂದು ಸಲ ನೋಡಿದರೆ ಸಾಕು. ಅರ್ಧ ಗಂಟೆ.

ಕೆಲಸ ಏನೂ ಇರಲಿಲ್ಲ. ಜ್ವರ ಇಲ್ಲ. ಬಸ್ಸೂ ಇತ್ತು. ಜಗಲಿಯ ಮೇಲೆ ಕೂತೆ. ನಂಜಿ ಬನ್ನಿ ಎಲೆ ಕೊಟ್ಟಳು, ತೆಗೆದುಕೊಂಡೆ. ಬಿಸಿಲು ಈ ಕಂಬದಿಂದ ಆ ಕಂಬಕ್ಕೆ ಹೋಯಿತು.

೭ ಸೋಮವಾರ

ಮೂರು ಸೈಕಲ್ಲು. ಗೆಜ್ಜಲಗೆರೆಯಿಂದ ಒಂದು ಆಲೆಮನೆಯ ಗಾಣದ ಹಲ್ಲುಚಕ್ರ ಬಂದಿದೆ, ಎರಡು ಹಲ್ಲು ಮುರಿದಿದೆ. ನಾಳೆ ಹೋಗೋಣ ಎಂದುಕೊಂಡೆ, ಪಟೇಲರ ಊರಿಗೆ. ಚಕ್ರ ನಾಳೆಯೇ ಬೇಕಂತೆ. ಬುಧವಾರ ಹೋಗುವುದು.

ಪಟೇಲರಿಗೆ ಹೇಳಿದ್ದೇನಲ್ಲ. ನಾನು ಗುರಿ ನೋಡದೆ ಬೇಟೆಗೆ ಕೂರುವುದಿಲ್ಲ ಅವರು.

೯ ಬುಧವಾರ, ಮಧ್ಯಾಹ್ನ ಎರಡು ಗಂಟೆ

ಸಿದ್ದರಾಮು ಬಂದಿದ್ದ. ಅವನು ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ.

ನಿನ್ನೆ ಸಂಜೆ ಚಿರತೆ ಆಡಿಗೆ ಬಂತು. ಬೆಳಕಿತ್ತು. ಬಂಡೆಯ ಮೇಲೆ ಪಟೇಲರು, ಕರಿಸಿದ್ದಯ್ಯ. ಪಟೇಲರು ಹೆಗಲಿಗೆ ಗುರಿ ಇಟ್ಟು ಹೊಡೆದರು. ಚಿರತೆ ಪಲ್ಟಿ ಹೊಡೆದು ಎದ್ದು ಲಾಂಟಾನ ಪೊದೆಗೆ ನುಗ್ಗಿತು. ಹೆಗಲಿಗೇ ಬಿದ್ದದೆ, ಬೆಳಗಾಗುವ ಹೊತ್ತಿಗೆ ಸತ್ತಿರುತ್ತದೆ ಎಂದರಂತೆ. ಇವತ್ತು ಬೆಳಿಗ್ಗೆ ತಮಟೆ, ಈಟಿ, ಇಪ್ಪತ್ತು ಜನ. ಮುಂದೆ ಕರಿಸಿದ್ದಯ್ಯ.

ಸತ್ತಿರಲಿಲ್ಲ. ಗುಂಡು ಹಿಂದಿನ ತೊಡೆಗೆ ಬಿದ್ದಿತ್ತು. ಹೆಗಲಿಂದ ಒಂದೂವರೆ ಗೇಣು ಎಡಕ್ಕೆ. ಕರಿಸಿದ್ದಯ್ಯನ ಬಲತೋಳು, ಹೆಗಲು, ನೆತ್ತಿ. ಚಿರತೆ ಅವನ ಮೇಲೆ ಇರುವಾಗಲೇ ಪಟೇಲರು ಹಳೆಯ ಕೋವಿಯನ್ನು ಅದರ ಕಿವಿಗೆ ಇಟ್ಟು ಸುಟ್ಟರಂತೆ. ಗಾಡಿಯಲ್ಲಿ ಮಳವಳ್ಳಿಗೆ, ಅಲ್ಲಿಂದ ಯಾರದೋ ಕಾರಿನಲ್ಲಿ ಮಂಡ್ಯದ ಆಸ್ಪತ್ರೆಗೆ.

‘ಎಡಕ್ಕೆ’ ಎಂದು ಸಿದ್ದರಾಮುವನ್ನು ಎರಡು ಸಲ ಕೇಳಿದೆ. ‘ಊಂ ಕಣಣ್ಣ, ಎಡಕ್ಕೆ’ ಎಂದ. ಯಾಕೆ ಕೇಳುತ್ತಿದ್ದೀಯ ಎಂದು ಕೇಳಲಿಲ್ಲ.

ನಂಜಿ ಸೀರೆ ಬದಲಿಸುತ್ತಿದ್ದಾಳೆ. ಮೂರೂ ಕಾಲಿಗೆ ರೈಲು.

೧೦ ಗುರುವಾರ. ಮಂಡ್ಯ

ವಾರ್ಡಿನ ಹೊರಗೆ ಕೂತು ಬರೆಯುತ್ತಿದ್ದೇನೆ. ತೋಳು ಉಳಿಯುವುದಿಲ್ಲ. ಮನುಷ್ಯ ಉಳಿದರೆ ಸಾಕು, ನಂಜು ಏರದಿದ್ದರೆ ಉಳಿಯುತ್ತಾನೆ ಎಂದರು ಡಾಕ್ಟರು. ಉಗುರಿನ ನಂಜು.

ಮಧ್ಯಾಹ್ನ ಎಚ್ಚರವಿತ್ತು. ಮುದ್ದಮ್ಮ ಕಾಲ ಬಳಿ, ನಂಜಿ ತಲೆಯ ಬಳಿ. ನನ್ನನ್ನು ನೋಡಿ ನಗಲು ನೋಡಿದ.

‘ಬಂದ್ಯಾ ಭಾವ.’

‘ಮಾತಾಡಬೇಡ’ ಎಂದೆ.

‘ಗೌಡ್ರು ಒಸಿ ಅನುಮಾನ ಮಾಡುದ್ರು ಭಾವ. ಒನ್ನಯ್ಯ ಮತ್ತೆ ನೋಡ್ಬೇಕು ಅಂದಿದ್ದ, ಬರ್ನಿಲ್ವಲ್ಲ, ಅವ್ನು ಬಂದ್ಮೇಲೆ ಕೂರಾನ ಅಂದ್ರು. ನಾನೇ ಏಳ್ದೆ. ಸರೀಗಿಲ್ದಿದ್ರೆ ನಮ್ ಭಾವ ಬರ್ದೆ ಇರ್ತನಾ, ಬರ್ನಿಲ್ಲ ಅಂದ್ರೆ ಸರೀಗದೆ ಅಂತ ಅಂದೆ.’

ನೀರು ಕೇಳಿದ. ಚಮಚದಲ್ಲಿ ಹಾಕಿದೆ. ಅರ್ಧ ಕಿವಿಯ ಕಡೆ ಹರಿಯಿತು.

೧೩ ಭಾನುವಾರ. ಮಂಡ್ಯ

ಜ್ವರ ನೂರ ನಾಲ್ಕು. ಗಾಯ ಬಿಚ್ಚಿದಾಗ ವಾಸನೆ. ಬರ್ಮಾದಲ್ಲಿ ಈ ವಾಸನೆ ಗೊತ್ತಾದ ಮೇಲೆ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ನಂಜಿ ವೈದ್ಯನಾಥಪುರಕ್ಕೆ ಹರಕೆ ಹೊತ್ತಿದ್ದಾಳೆ, ಮುಡಿ ಕೊಡಿಸುತ್ತೇನೆ ಎಂದು. ಯಾರ ಮುಡಿ ಎಂದೆ. ನಿನ್ನದು ಎಂದಳು. ಆಗಲಿ ಎಂದೆ.

೨೮ ಅಕ್ಟೋಬರ್, ಸೋಮವಾರ. ಮದ್ದೂರು

೧೫ನೇ ತಾರೀಖು ಬೆಳಿಗ್ಗೆ ಆರಕ್ಕೆ ಹೋದ. ಮುದ್ದಮ್ಮ ಹಲ್ಲುಜ್ಜಲು ನಲ್ಲಿಯ ಹತ್ತಿರ ಹೋಗಿದ್ದಳು. ನಾನಿದ್ದೆ.

ಹನ್ನೊಂದನೆಯ ದಿನ ಮುಗಿಸಿ ಬಂದೆವು. ದೀಪಾವಳಿ ಆಯಿತಂತೆ. ಇವತ್ತು ಅಂಗಡಿ ತೆಗೆದೆ. ಎರಡು ಸೈಕಲ್ಲು.

ಊರೆಲ್ಲ ಪಟೇಲರ ಮೇಲೆ. ಕಣ್ಣು ಕಾಣದ ಮುದುಕನಿಗೆ ಯಾಕೆ ಬೇಕಿತ್ತು ಬಂದೂಕು ಎಂದು. ಹನ್ನೊಂದರ ದಿನ ಅವರು ಅಕ್ಕಿ ಬೇಳೆ ಹೊರಿಸಿಕೊಂಡು ಬಂದರು. ಮುದ್ದಮ್ಮ ಒಳಗೆ ಬಿಡಲಿಲ್ಲ. ಅವರು ಹಿಂತಿರುಗಿದ ಮೇಲೆ ಅವರ ಬಾಗಿಲಿಗೇ ಹೋಗಿ ಹಿಡಿಮಣ್ಣು ತೂರಿದಳು. ‘ನಿನ್ ಕಣ್ಣು ಇಂಗೋಗ’ ಎಂದಳು. ಅರವತ್ತೈದು ವರ್ಷದ ಗಂಡಸು ತಲೆಯ ಮೇಲೆ ಬಿದ್ದ ಮಣ್ಣು ಒರೆಸಿಕೊಳ್ಳದೆ ನಿಂತಿದ್ದರು. ಪಟ್ಟಲಮ್ಮ ಬಾಗಿಲ ಹಿಂದೆ ಅಳುತ್ತಿದ್ದರು. ಎಲ್ಲರೂ ನೋಡಿದೆವು.

ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದುಕೊಂಡಿದ್ದೇನೆ.

ಮುಡಿ ಕೊಡಲಿಲ್ಲ. ಹರಕೆ ತೀರಿಸುವಂಥದ್ದು ಏನೂ ಆಗಲಿಲ್ಲವಲ್ಲ.

೨ ನವೆಂಬರ್, ಶನಿವಾರ

ಪಟೇಲರು ಅಂಗಡಿಗೆ ಬಂದಿದ್ದರು. ಒಬ್ಬರೇ. ಕಂಬಳಿಯಲ್ಲಿ ರೈಫಲು. ಬೆಂಚಿನ ಮೇಲೆ ಇಟ್ಟರು.

‘ಇದು ನಮ್ಮನೇಲಿ ಬ್ಯಾಡ ಕಣಪ್ಪ. ಲೈಸೆನ್ಸು ವಾಪಸ್ ಮಾಡ್ತೀನಿ. ಅಮಲ್ದಾರ್ರ ತಾವ ಕೊಡೋ ಗಂಟ ನೀನೇ ಮಡಿಕ್ಕೊ.’

ಕೂರಿ ಎಂದೆ. ಕೂರಲಿಲ್ಲ.

‘ಹೆಗಲಿಗೇ ಮಡಗಿದ್ದೆ ಒನ್ನಯ್ಯ. ಮೊನೆ ಹೆಗಲ ಮ್ಯಾಲೆ ಇತ್ತು, ನಾನು ನೋಡ್ದೆ. ನೋಡ್ದೆ ಅನ್ಕಂಡೆ. ನನ್ ಕಣ್ಣೇ ಅಲ್ವಾ?’

ಕಣ್ಣೀರು ಬಂದಿತ್ತು ಅವರಿಗೆ. ಅದನ್ನೂ ಒರೆಸಿಕೊಳ್ಳಲಿಲ್ಲ. ನನ್ನ ಉತ್ತರಕ್ಕೆ ಕಾಯುತ್ತಿದ್ದರು.

ಹೂಂ ಎಂದೆ.

ತಲೆಯಾಡಿಸಿ ಹೋದರು. ಬಸ್‌ಸ್ಟ್ಯಾಂಡಿನವರೆಗೂ ಅವರ ಬೆನ್ನು ಕಾಣುತ್ತಿತ್ತು. ಎದುರಿಗೆ ಬಂದ ಎತ್ತಿನ ಗಾಡಿಗೆ ಸರಿಯಾಗಿ ದಾರಿ ಬಿಟ್ಟುಕೊಟ್ಟರು.

ಬಾಬು ಜಾನ್ ನಮಾಜಿಗೆ ಹೋದ ಮೇಲೆ ರೈಫಲನ್ನು ಬೆಂಚಿನ ವೈಸಿನ ದವಡೆಯಲ್ಲಿ ಹಿಡಿಸಿದೆ. ಬೋಲ್ಟು ತೆಗೆದು ನಳಿಗೆಯಿಂದ ನೋಡಿದೆ. ರೈಲ್ವೆ ಗೂಡ್ಸ್ ಷೆಡ್ಡಿನ ಗೋಡೆ, ಸುಮಾರು ಎಪ್ಪತ್ತು ಗಜ. ನಳಿಗೆ ತೋರಿಸಿದ್ದು ಗೋಡೆಯ ಒಂದು ಇಟ್ಟಿಗೆ. ದುರ್ಬೀನಿನ ಮೊನೆ ತೋರಿಸಿದ್ದು ಅದರಿಂದ ಬಲಕ್ಕೆ ಎರಡನೆಯ ಇಟ್ಟಿಗೆ. ಮೊನೆ ಎಲ್ಲಿದೆಯೋ ಅದರಿಂದ ಒಂದೂವರೆ ಗೇಣು ಎಡಕ್ಕೆ ಗುಂಡು. ಮೂರು ಸಲ ನೋಡಿದೆ. ಪಟೇಲರು ಇಟ್ಟದ್ದು ಹೆಗಲಿಗೇ.

ಅರ್ಧ ಗಂಟೆಯೂ ಆಗಲಿಲ್ಲ. ಏಳೆಂಟು ನಿಮಿಷ.

ಬೆಂಚಿನ ಕೆಳಗೆ ಕೂತುಬಿಟ್ಟೆ. ನಾಚಿಕೆ. ಎಷ್ಟು ವರ್ಷದ ಮೇಲೋ. ಬಾಬು ಜಾನ್ ಬಂದು ಏನಾಯ್ತು ಭಾಯ್ ಎಂದ. ಬಿಸಿಲು ಎಂದೆ.

೩ ಭಾನುವಾರ, ಸಂಜೆ

ನಂಜಿಗೆ ಹೇಳಬೇಕು. ಆಮೇಲೆ ಮುದ್ದಮ್ಮನಿಗೆ, ಆಮೇಲೆ ಪಟೇಲರ ಬಾಗಿಲಲ್ಲಿ ಊರ ಮುಂದೆ. ಇವಳಿಗೆ ಮೊದಲು. ಬೆಳಿಗ್ಗೆಯಿಂದ ಮೂರು ಸಲ ಒಳಗೆ ಹೋದೆ. ನೀರು ಕುಡಿದು ಬಂದೆ.

ಆರೂವರೆ

ಅವಳೇ ತೆಗೆದಳು ಮಾತು. ಒಲೆ ಮುಂದೆ ಕೂತು, ನನ್ನ ಕಡೆ ನೋಡದೆ. ‘ನೆನ್ನೆ ಆ ಕುರುಡ ಗೌಡ ನಿನ್ನಂಗ್ಡೀಗೆ ಬಂದಿದ್ನಂತೆ. ಯಾವ್ ಮೊಕ ಒತ್ಕಂಡು ಬಂದ. ನೀನು ಅಷ್ಟು ಚೆಂದಾಗಿ ಮಾಡ್ಕೊಟ್ಟಿದ್ದೆ.’

‘ಗೌಡ್ರ ಕಣ್ಣಲ್ಲ ಕಣೆ’ ಎಂದೆ.

ಕೋಲು ಮುದ್ದೆಯೊಳಗೇ ನಿಂತಿತು. ತಿರುಗಿ ನೋಡಿದಳು. ‘ಮತ್ತೆ?’

ಎದ್ದು ಬಂದು ಈ ಪುಸ್ತಕ ತೆಗೆದೆ. ಬರೆಯುತ್ತಿದ್ದೇನೆ. ಬಾಗಿಲಿಗೆ ಬಂದು ನಿಂತಿದ್ದಾಳೆ, ಕೈಯಲ್ಲಿ ಹಿಟ್ಟು. ‘ಏನ್ ಬರೀತಿದ್ದೀಯಾ’ ಎನ್ನುತ್ತಿದ್ದಾಳೆ. ಅವಳಿಗೆ ಓದಲು ಬರುವುದಿಲ್ಲ. ಅದು ನನಗೆ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಎಷ್ಟು ಬರೆದರೂ ಹೇಳಿದ ಹಾಗಾಗುವುದಿಲ್ಲ. ಇನ್ನೂ ಅಲ್ಲೇ ಇದ್ದಾಳೆ. ‘ಕರಿಸಿದ್ದನ್ ಸುದ್ದಿಯಾ’ ಎಂದಳು. ಹೂಂ ಎಂದೆ. ಬಂದು ಎದುರಿಗೆ ಕೂತಳು. ಈಗ ಪೆನ್ನು ಕೆಳಗಿಟ್ಟು ಹೇಳುತ್ತೇನೆ, ಆಯುಧಪೂಜೆ ದಿನ ನಾನು